ಪ್ರತಿ ಸಾಲಿಗೂ ಒಂದು ಕಾರಣ

ಗರುಡಾಚಾರ್‌ಪಾಳ್ಯ

ಗೆಳೆಯರೇ,

ತರ್ಕದ ನಿಯಮಗಳೆಲ್ಲ ಬಾಯಿಪಾಠವಾಗಿವೆ, ಸಾಧನೆ ಬರೆಯಲು ಕೂತರೆ ಮಾತ್ರ ಮೊದಲ ಸಾಲೇ ಹೊಳೆಯುವುದಿಲ್ಲ ಎಂದಿದ್ದೀರಿ. ಹಾಗಾದರೆ ಮೊದಲ ಸಾಲಿನ ಗೊಡವೆ ಬಿಡಿ, ಕೊನೆಯ ಸಾಲು ಹಿಡಿದು ಹಿಂದಕ್ಕೆ ಬನ್ನಿ. ನಮ್ಮೂರಿನದೇ ಒಂದು ಲೆಕ್ಕ ಕೊಡುತ್ತೇನೆ.

ವೈಟ್‌ಫೀಲ್ಡ್–ಕೆ.ಆರ್. ಪುರ ಮೆಟ್ರೊ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ನಮ್ಮ ನಿಲ್ದಾಣವೂ ಅದರಲ್ಲೇ. ಆದರೆ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ಹಳಿ ತೆರೆಯಲು ಅಕ್ಟೋಬರ್ 9 ಬರಬೇಕಾಯಿತು. ಆ ಆಗಸ್ಟ್‌ನಲ್ಲಿ ಇಲ್ಲಿಂದ ಮೆಟ್ರೊ ಹಿಡಿದು ಮೆಜೆಸ್ಟಿಕ್‌ಗೆ ಹೊರಟವರು ನಡುವೆ ರಸ್ತೆಗಿಳಿಯಲೇಬೇಕಿತ್ತು. ಇದನ್ನೇ ಸಾಧಿಸೋಣ.

ನ: ನೇರ ರೈಲಿದೆ. ತ: ನಡುವಿನ ಹಳಿ ತೆರೆದಿದೆ. ರ: ರಸ್ತೆಗಿಳಿಯಬೇಕು.

ದತ್ತ ಮೂರು: ‘ನ ಆದರೆ ತ’, ‘ತ ಇಲ್ಲ’, ‘ನ ಅಥವಾ ರ’. ನಮಗೆ ಬೇಕಾದದ್ದು ರ. ಅದು ಎಲ್ಲಿ ಸಿಗುತ್ತದೆ? ‘ನ ಅಥವಾ ರ’ ಎಂಬ ಒಂದೇ ಮಾತಿನಲ್ಲಿ. ಅಲ್ಲಿಂದ ರ ಬಿಡಿಸಿಕೊಳ್ಳಲು ನ ಸುಳ್ಳೆಂದು ತೋರಿಸಬೇಕು. ನ ಇನ್ನೆಲ್ಲಿದೆ? ‘ನ ಆದರೆ ತ’ ಎಂಬಲ್ಲಿ. ತ ಇಲ್ಲವೆಂದು ಗೊತ್ತೇ ಇದೆ. ದಾರಿ ಸಿಕ್ಕಿತು, ಈಗ ಬರೆಯಿರಿ:

1. ನ → ತ (ದತ್ತ)
2. ¬ತ (ದತ್ತ)
3. ನ ∨ ರ (ದತ್ತ)
4. ¬ನ (1, 2, ಮೋಡಸ್ ಟೋಲೆನ್ಸ್)
5. ರ (3, 4, ವಿಕಲ್ಪ ನಿಯಮ)

ಆವರಣದೊಳಗಿನದನ್ನು ಬರೆಯಲು ಸೋಮಾರಿತನ ಮಾಡಬೇಡಿ. ಯಾವ ಸಾಲಿನಿಂದ, ಯಾವ ನಿಯಮದಿಂದ ಬಂತು ಎನ್ನುವುದೇ ಸಾಧನೆ. ಉಳಿದದ್ದು ಬರೀ ಹೇಳಿಕೆ. ಇಲ್ಲಿ ಬಳಸಿದ ಎರಡೂ ನಿಯಮಗಳು ಕ್ರಿ.ಪೂ. 3ನೇ ಶತಮಾನದ ಗ್ರೀಕ್ ತಾರ್ಕಿಕ ಕ್ರಿಸಿಪ್ಪಸನ ಐದು ಮೂಲ ನಿಯಮಗಳ ಪಟ್ಟಿಯಲ್ಲೇ ಇದ್ದವು. ಪುಸ್ತಕಗಳು ಲ್ಯಾಟಿನ್ ಹೆಸರು ಹೇಳಿ ಸುಮ್ಮನೆ ಹೆದರಿಸುತ್ತವೆ.

ಎಡವುವ ಜಾಗ ಬೇರೆಯೇ ಇದೆ. ಅಕ್ಟೋಬರ್ 9ರ ನಂತರ ಒಬ್ಬರು ಹೀಗೆ ವಾದಿಸಿದರು ಎನ್ನಿ: ‘ನೇರ ರೈಲಿದ್ದರೆ ಹಳಿ ತೆರೆದಿರಬೇಕು, ಹಳಿ ತೆರೆದಿದೆ, ಆದ್ದರಿಂದ ನೇರ ರೈಲಿದೆ.’ ರೈಲೇನೋ ನಿಜಕ್ಕೂ ಓಡುತ್ತಿತ್ತು. ಆದರೂ ವಾದ ತಪ್ಪು. ಹಳಿ ತೆರೆದ ಮೇಲೂ ಎಲ್ಲ ರೈಲುಗಳನ್ನು ಬೈಯಪ್ಪನಹಳ್ಳಿಯಿಂದಲೇ ಹಿಂದೆ ಕಳಿಸಬಹುದಿತ್ತಲ್ಲ! ಆಗ ಎರಡೂ ದತ್ತಗಳು ನಿಜ, ತೀರ್ಮಾನ ಸುಳ್ಳು. ಅಂಥ ಒಂದು ಸಾಧ್ಯತೆ ಸಿಕ್ಕರೆ ಸಾಕು, ನಿಯಮ ಬಿದ್ದುಹೋಯಿತು. ಉತ್ತರ ಸರಿಯಾಗಿದೆ ಎಂದು ಇಂಥದ್ದಕ್ಕೆ ಅಂಕ ಕೊಡುವ ಮೇಷ್ಟ್ರು ಮಕ್ಕಳಿಗೆ ಉಪಕಾರ ಮಾಡುತ್ತಿಲ್ಲ.

ನಿಮಗೊಂದು ಮನೆಗೆಲಸ. ದತ್ತ: ಕ → ಗ, ಗ → ಚ, ¬ಚ, ಕ ∨ ಜ. ಸಾಧಿಸಬೇಕಾದದ್ದು ಜ. ಕೆಳಗಿನಿಂದ ಶುರುಮಾಡಿ, ಕಾರಣಗಳ ಸಮೇತ ಬರೆದು ಕಳಿಸಿ.

ನಿಮ್ಮ ವಿಶ್ವಾಸಿ