ನೆನೆದೂ ಬೆಚ್ಚಗೆ

ಧಾರವಾಡ ಜಿಲ್ಲೆ ಅಂದಕೂಡಲೇ ಎರೆಹೊಲ, ಹತ್ತಿ, ಕಡಲೆ ಎಂದು ಕಣ್ಣ ಮುಂದೆ ತಂದುಕೊಳ್ಳುವವರಿಗೆ ಕಲಘಟಗಿ ತಾಲೂಕಿನ ನಮ್ಮ ತಂಬೂರ ಸ್ವಲ್ಪ ನಿರಾಸೆ ಮಾಡೀತು. ನವಲಗುಂದದ ಕಡೆಯವರು ಮುಗಿಲು ನೋಡುತ್ತ ಕೂತ ಹೊತ್ತಿಗೆ ನಮ್ಮವರ ಕಾಲು ಭತ್ತದ ಗದ್ದೆಯ ಕೆಸರಿನಲ್ಲಿರುತ್ತದೆ. ಮಳೆ ಹಿಡಿದರೆ ಜಿಟಿಜಿಟಿ. ಬಿಡುವ ಮಾತೇ ಇಲ್ಲ. ಅಂಥ ಮಳೆಯಲ್ಲಿ ಅಪ್ಪ ಕರಿಕಂಬಳಿಯನ್ನು ಮಡಚಿ ಕೊಪ್ಪೆ ಮಾಡಿ, ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಹೊರಡುತ್ತಿದ್ದ. ಕುರುಬರ ಮಗ್ಗದ ಕಂಬಳಿ ಅದು. ಹುಣಸೆಬೀಜದ ಗಂಜಿ ಕುಡಿದು ಬಿರುಸಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ನೆನೆದು ಹೆಗಲು ಬಗ್ಗಿಸುವಷ್ಟು ಭಾರವಾದರೂ ಒಳಗಿದ್ದ ಅಪ್ಪ ಬೆಚ್ಚಗೇ ಇರುತ್ತಿದ್ದ. ಹುಬ್ಬಳ್ಳಿಯಿಂದ ತಂದ ಪ್ಲಾಸ್ಟಿಕ್ ಕೋಟು ತೊಟ್ಟ ನಾನು ಮಾತ್ರ, ಹೊರಗಿನ ಒಂದು ಹನಿಯೂ ತಾಗದೆ, ನನ್ನ ಬೆವರಿಗೇ ತೊಯ್ದು ಗಡಗಡ ನಡುಗುತ್ತಿದ್ದೆ.

ಈ ಲೆಕ್ಕ ಬಗೆಹರಿದದ್ದು ಎಷ್ಟೋ ವರ್ಷಗಳ ಮೇಲೆ, ಮುರ್ಡೇಶ್ವರದ ದಂಡೆಯಲ್ಲಿ. ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ಕಂಡಾಗಿನಿಂದ ನನ್ನ ಮಗಳಿಗೆ ಅದೇ ಜಪ. “ಅಪ್ಪಾ, ಕೆರ್‍ಯಾಗ ಈಸಬಿದ್ದಾಂವ ಸಮುದ್ರಕ್ಕ ಯಾಕ ಅಂಜತಿ?” ಎಂದು ಮಾನ ತೆಗೆದಳು. ಹೊರಟೆ. ನೇತ್ರಾಣಿ ಎಂದರೆ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಲ್ಲಿರುವ ಗುಡ್ಡ. ಒಂದು ಕಾಲಕ್ಕೆ ನೌಕಾಪಡೆಯವರು ಅದನ್ನೇ ಗುರಿಯಾಗಿಟ್ಟುಕೊಂಡು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು. ಈಗ ಅದರ ಬುಡದ ಹವಳ, ಬಣ್ಣದ ಮೀನು ನೋಡಲು ಜನ ದುಡ್ಡು ಕೊಟ್ಟು ಮುಳುಗುತ್ತಾರೆ.

ಮುಳುಗುವುದಕ್ಕಿಂತ ಕಷ್ಟದ್ದು ವೆಟ್‌ಸೂಟ್ ಎಂಬ ರಬ್ಬರಿನ ಉಡುಪಿನೊಳಗೆ ಹೋಗುವುದು. ಪಾದ ತೂರಿಸಿ, ಮೊಣಕಾಲಿನವರೆಗೆ ಇಂಚಿಂಚೇ ಎಳೆದು, ಸೊಂಟಕ್ಕೆ ಬಂದಾಗ ಉಸಿರು ಬಿಗಿಹಿಡಿದು ಕುಣಿಯಬೇಕು. ಆಮೇಲೆ ತೋಳು. ಜಿಪ್ಪು ಬೆನ್ನಿಗಿರುವುದರಿಂದ ಮುಚ್ಚಲು ಇನ್ನೊಬ್ಬರ ಕೃಪೆ ಬೇಕು. ಕಲಿಸುವ ಹುಡುಗ ನನ್ನ ಕೊರಳಪಟ್ಟಿಗೆ ಬೆರಳು ತೂರಿಸಿ ನೋಡಿದ, ಕೈ ಎತ್ತಿಸಿ ಕಂಕುಳು ಮುಟ್ಟಿದ, ಬೆನ್ನಿನ ಕೆಳಗೆ ರಬ್ಬರನ್ನು ಚಿವುಟಿದ. ಅಲ್ಲಿ ಎರಡು ಬೆರಳಿನಷ್ಟು ಸಡಿಲ ಸಿಕ್ಕಿತು. “ಇದು ಬೇಡ ಸರ್, ಸಣ್ಣದು ಕೊಡ್ತೇನೆ” ಎಂದು ನನ್ನನ್ನು ಮತ್ತೆ ಸುಲಿಸಿದ.

“ಇಷ್ಟ್ ಬಿಗಿ ಇದ್ರ ನೀರು ಒಳಗ ಬರೂದಿಲ್ಲೇನು?” ಎಂದೆ.

“ಬರ್ತದೆ ಸರ್, ಬರ್ಲಿ. ಬಂದದ್ದು ಹೊರಗೆ ಹೋಗ್ಬಾರ್ದು, ಅಷ್ಟೇ.”

ಆ ಹುಡುಗ ಒಂದೇ ಮಾತಿನಲ್ಲಿ ಇಡೀ ಶಾಸ್ತ್ರ ಹೇಳಿ ಮುಗಿಸಿದ್ದ. ನೀರು ಸುಮ್ಮನಿರುವ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಕಸಿಯುತ್ತದೆ. ನಮ್ಮ ಕರಾವಳಿಯ 28 ಡಿಗ್ರಿಯ ನೀರು ಕೈಗೆ ಉಗುರುಬೆಚ್ಚಗೆ ಅನ್ನಿಸಿದರೂ 37 ಡಿಗ್ರಿಯ ದೇಹ ತಾಸೊಪ್ಪತ್ತು ಅದರಲ್ಲಿದ್ದರೆ ಹಲ್ಲು ಕಟಕಟ ಅನ್ನುತ್ತದೆ. ಸೂಟಿನೊಳಗೆ ಸೇರಿದ ನೀರು ನಮ್ಮನ್ನು ಬೆಚ್ಚಗಿಡುತ್ತದೆ ಎಂದು ದೋಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಆ ನೀರು ಬಿಸಿಯಾಗುವುದು ನಮ್ಮದೇ ಶಾಖ ತಿಂದು. ಕಾಯುವ ಕೆಲಸ ರಬ್ಬರಿನದು. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಾರಜನಕ ಸೆರೆಯಾಗಿದೆ, ಆ ಅನಿಲ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಒಳಗಿನ ನೀರು ತೆಳ್ಳಗಿದ್ದು, ಕದಲದೆ ನಿಂತರೆ ಸಾಕು. ಸೂಟು ಸಡಿಲವಾಗಿದ್ದರೆ ಕೈಕಾಲು ಆಡಿಸಿದಾಗಲೆಲ್ಲ ಬಿಸಿಯಾದದ್ದು ಹೊರಗೆ ಹೋಗಿ ತಣ್ಣಗಿನದು ಒಳಗೆ ಬರುತ್ತದೆ. ಅಪ್ಪನ ಕಂಬಳಿಯದೂ ಇದೇ ಸಂಗತಿ. ಗುಂಗುರು ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವ ಹೀರಿದರೂ ಉಣ್ಣೆ ಮೈಗೆ ಒದ್ದೆ ಅನ್ನಿಸುವುದಿಲ್ಲ. ಆದರೆ ಆ ಗಾಳಿಗೆ ಬಾಗಿಲಿಲ್ಲ. ಕಂಬಳಿ ಹೊದ್ದು ಕೆರೆಗೆ ಹಾರಿದರೆ ಗಾಳಿ ಹೋಗಿ ನೀರು ತುಂಬಿ, ಭಾರಕ್ಕೆ ತಳ ಸೇರಬೇಕಾದೀತು.

ಹಾರಿದವರೂ ಇದ್ದರು ಅನ್ನಿ. ಕ್ಯಾಲಿಫೋರ್ನಿಯಾದ ತಣ್ಣನೆಯ ಕಡಲಿನಲ್ಲಿ ಅಲೆಯಾಟಕ್ಕೆ ಇಳಿಯುತ್ತಿದ್ದ ಹುಡುಗರು ಉಣ್ಣೆಯ ಸ್ವೆಟರ್ ತೊಟ್ಟು ಇಳಿಯುತ್ತಿದ್ದ ಕಾಲವೊಂದಿತ್ತು. ಎರಡನೇ ಮಹಾಯುದ್ಧದ ಮುಳುಗುಸೈನಿಕರು ಉಣ್ಣೆಯ ಮೇಲೆ ರಬ್ಬರಿನ ಚೀಲದಂಥ ಉಡುಪು ತೊಡುತ್ತಿದ್ದರು. ಒಂದು ಹನಿಯೂ ಒಳಗೆ ಬರಬಾರದೆಂಬುದು ಅದರ ಹಟ. ಎಲ್ಲೋ ಒಂದು ಕಡೆ ಹರಿಯಿತೋ, ಮುಗಿಯಿತು.

ಆ ಹಟ ಬಿಡಿಸಿದವರು ಹ್ಯೂ ಬ್ರಾಡ್ನರ್. ಯುದ್ಧಕಾಲದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಕೆಲಸದಲ್ಲಿದ್ದು, ಆಮೇಲೆ ಬರ್ಕಲಿಯ ವಿಶ್ವವಿದ್ಯಾಲಯ ಸೇರಿದ ಭೌತವಿಜ್ಞಾನಿ. ಮೈ ಒಣಗಿರಬೇಕೆಂದೇನೂ ಇಲ್ಲ, ಶಾಖ ತಡೆದರೆ ಸಾಕು ಎಂದು 1951ರ ಸುಮಾರಿಗೆ ಅವರಿಗೆ ಹೊಳೆಯಿತು. ಗುಳ್ಳೆ ತುಂಬಿದ ನಿಯೊಪ್ರೀನ್ ಎಂಬ ಕೃತಕ ರಬ್ಬರ್ ಬಳಸಿ ಎಂದು ಸಲಹೆ ಕೊಟ್ಟವರು ವಿಲ್ಲರ್ಡ್ ಬ್ಯಾಸ್ಕಮ್. ನಿಯೊಪ್ರೀನ್ ಆಗಲೇ ಹಳೆಯದು: 1930ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ, ಮುಂದೆ ನೈಲಾನ್ ಕೊಟ್ಟ ವಾಲೇಸ್ ಕ್ಯಾರದರ್ಸ್ ಅವರ ತಂಡದಲ್ಲಿ ಹುಟ್ಟಿ, ಬೆಲ್ಟು, ಪೈಪು, ಗ್ಯಾಸ್ಕೆಟ್ಟುಗಳಲ್ಲಿ ದುಡಿಯುತ್ತಿತ್ತು. ಬ್ರಾಡ್ನರ್ ಸೂಟು ಹೊಲಿಸಿ ತೋರಿಸಿದರೆ ಅಮೆರಿಕದ ನೌಕಾಪಡೆಗೆ ಬೇರೆಯೇ ಚಿಂತೆ: ಈ ಗುಳ್ಳೆಗಳಿಂದ ನಮ್ಮವರು ಶತ್ರುವಿನ ಸೋನಾರ್‌ಗೆ ಸುಲಭವಾಗಿ ಸಿಕ್ಕಿಬಿದ್ದರೆ? ಪೇಟೆಂಟ್ ಬ್ರಾಡ್ನರ್ ಕೈ ಸೇರಲೇ ಇಲ್ಲ. ದುಡ್ಡು ಮಾಡಿದವರು 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟ ಜ್ಯಾಕ್ ಓನೀಲ್, ಅದರ ಮರುವರ್ಷ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಅವಳಿಗಳು ಬಿಲ್ ಮತ್ತು ಬಾಬ್ ಮೈಸ್ಟ್ರೆಲ್. ಮೊದಲ ಸೂಟು ಯಾರದೆಂಬ ವಾದ ಬಹಳ ಕಾಲ ನಡೆಯಿತು. ನನ್ನ ಓಟು ಬ್ರಾಡ್ನರ್‌ಗೆ.

ಕೊಳ್ಳುವವರಿಗೆ ಮೊದಲು ಕಣ್ಣು ಹೋಗುವುದು ದಪ್ಪದ ಮೇಲೆ. ನೇತ್ರಾಣಿಗೆ 3 ಮಿ.ಮೀ. ಸಾಕು. ಮೊಣಕಾಲು ಬಿಟ್ಟ ಗಿಡ್ಡ ಸೂಟೂ ನಡೆದೀತು, ಆದರೆ ಲೋಳೆಮೀನು ತಾಗಿದರೆ, ಬಂಡೆಯ ಚಿಪ್ಪು ತರಚಿದರೆ ಪೂರ್ತಿ ತೋಳಿನದರ ಬೆಲೆ ತಿಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಮನೆ ಮಾಡಿದ ನಮ್ಮ ನೆಂಟರ ಹುಡುಗನಿಗೆ 7 ಮಿ.ಮೀ. ಬೇಕು, ತಲೆಗೆ ಟೊಪ್ಪಿಗೆ, ಕೈಗೆ ಗವಸು ಬೇರೆ. ಅಲ್ಲಿ ಬಹಳ ಜನ ನೀರನ್ನೇ ಒಳಬಿಡದ ಡ್ರೈಸೂಟನ್ನೇ ತೊಡುತ್ತಾರೆ. ದಪ್ಪವಿದ್ದಷ್ಟೂ ಒಳ್ಳೆಯದೆಂದು ಮುರ್ಡೇಶ್ವರಕ್ಕೆ 7 ಮಿ.ಮೀ. ತೊಟ್ಟು ಬಂದರೆ ದೋಣಿಯಲ್ಲೇ ಬೆಂದುಹೋಗುತ್ತೀರಿ, ಮೇಲೆ ತೇಲುವ ಮೈಯನ್ನು ಒಳಗಿಳಿಸಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಆಳದಲ್ಲಿ ಇನ್ನೊಂದು ಆಟವಿದೆ. 10 ಮೀಟರ್ ಇಳಿದರೆ ಒತ್ತಡ ಎರಡುಪಟ್ಟಾಗಿ ಗುಳ್ಳೆಯ ಅನಿಲ ಅರ್ಧಕ್ಕೆ ಕುಗ್ಗುತ್ತದೆ. ಸೂಟು ತೆಳುವಾಗಿ, ಬೆಚ್ಚನೆಯೂ ತೇಲುವಿಕೆಯೂ ಕಡಿಮೆಯಾಗುತ್ತವೆ. ಹಾಗಾಗಿ ನನ್ನನ್ನು ಕೇಳಿದರೆ ದಪ್ಪಕ್ಕಿಂತ ಅಳತೆ ಮುಖ್ಯ. ಮೈಗೆ ಕೂತ 3 ಮಿ.ಮೀ. ಮುಂದೆ ಜೋಲುವ 5 ಮಿ.ಮೀ. ಏನೂ ಅಲ್ಲ. ಬಾಡಿಗೆಯದಾದರೆ ಅದರ ಪೂರ್ವಚರಿತ್ರೆಯನ್ನು ಹೆಚ್ಚು ಕೆದಕಬೇಡಿ. ನೀರಿಗಿಳಿದ ದೇಹಕ್ಕೆ ಮೂತ್ರದ ಅವಸರವಾಗುವುದು ಸಹಜಧರ್ಮ, ಕಡಲ ನಡುವೆ ಬಚ್ಚಲಿಲ್ಲ.

ಇದೆಲ್ಲ ಚಳಿಯ ಮಾತಾಯಿತು. ನಮ್ಮ ತಾಲೂಕಿನ ಹಳ್ಳದ ನೀರು ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲಿಗೆ ಹೋಗುತ್ತದೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದದ್ದು ಅದೇ ಗಂಗಾವಳಿಗೆ. ನೌಕಾಪಡೆಯವರೂ ಮಲ್ಪೆಯ ಮುಳುಗುಗಾರ ಈಶ್ವರ್ ಮಲ್ಪೆಯೂ ಆ ರಾಡಿಯ ಸೆಳವಿಗೆ ಇಳಿದು, ಮಣ್ಣಿನೊಂದಿಗೆ ನದಿ ಪಾಲಾದ ಲಾರಿಯನ್ನು ಹುಡುಕುವುದನ್ನು ಟಿವಿಯಲ್ಲಿ ನೋಡುತ್ತ ಕೂತಿದ್ದೆವು. ಅಲ್ಲಿ ಎದುರಾಳಿ ಚಳಿಯಲ್ಲ, ಪ್ರವಾಹ. ಅದಕ್ಕೆ ಎಷ್ಟು ಮಿ.ಮೀ. ದಪ್ಪದ ರಬ್ಬರೂ ಉತ್ತರವಲ್ಲ. ಮುಳುಗಿದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ಮಗಳು ಈಗ ಸ್ವಂತದ್ದೊಂದು ಸೂಟು ಕೊಂಡಿದ್ದಾಳೆ. ಊರಿಗೆ ಬಂದಾಗ ಸಿಹಿನೀರಿನಲ್ಲಿ ಜಾಲಾಡಿಸಿ, ಅಗಲ ಹ್ಯಾಂಗರಿಗೆ ಹಾಕಿ, ಪಡಸಾಲೆಯ ನೆರಳಿಗೆ ತೂಗಿಬಿಡುತ್ತಾಳೆ. ಬಿಸಿಲು ರಬ್ಬರನ್ನು ಒಣಗಿಸಿ ಬಿರಿಸುತ್ತದೆ. ಮಡಚಿಟ್ಟರೆ ಮಡಿಕೆಯಲ್ಲಿ ಗುಳ್ಳೆ ಸಾಯುತ್ತವೆ. ಮೊದಲ ಸಲ ಕತ್ತಲಲ್ಲಿ ಅದನ್ನು ಕಂಡ ಅವ್ವ “ಯಾರದು?” ಎಂದು ಕೂಗಿದಳು. ಬೆಳಗಾದ ಮೇಲೆ ಮುಟ್ಟಿ, ಹಿಂಡಿ, ಮೂಸಿ ನೋಡಿ ಬೆಲೆ ಕೇಳಿದಳು. ಮೊಮ್ಮಗಳು ಅರ್ಧ ಬೆಲೆ ಹೇಳಿದಳು.

“ಇಷ್ಟ್ ರೊಕ್ಕಾ ಕೊಟ್ಟಿ,” ಎಂದಳು ಅವ್ವ, “ತೊಡಾಕ ಇಬ್ಬರು ಬೇಕು, ಬಿಸಿಲಿಗೆ ಹಾಕಬಾರದು, ಮಡಚಬಾರದು. ಕಿಸೇನರ ಐತೇನ ಇದಕ್ಕ?”