ಮುಖಪುಟದ ಪಿಸ್ತೂಲು

9 ಜನವರಿ 2022, ಭಾನುವಾರ, ಹ್ಯೂಸ್ಟನ್

ಎರಡು ಬೀದಿ ಆಚೆಯ ಔಷಧದಂಗಡಿಗೆ ಗುರುವಾರ ರಾತ್ರಿ ಇಬ್ಬರು ನುಗ್ಗಿದರಂತೆ. ನೋವಿನ ಮಾತ್ರೆ ಕೇಳಿದರು, ಇದ್ದಷ್ಟನ್ನೂ ತೆಗೆದುಕೊಂಡು ಹೋದರು. ಯಾರಿಗೂ ಗಾಯವಾಗಿಲ್ಲ. ಅಲ್ಲಿಯ ಫಾರ್ಮಸಿಸ್ಟ್ ನನ್ನ ಓರಗೆಯವಳು. ಇವತ್ತು ಫೋನಿನಲ್ಲಿ ಮಾತಾಡುತ್ತಾ ಮಧ್ಯೆ ಮಧ್ಯೆ ಸುಮ್ಮನಾಗುತ್ತಿದ್ದಳು. ಆ ಮೌನವೇ ಕಿವಿಯಲ್ಲಿ ಉಳಿದಿದೆ.

ನಮ್ಮ ಅಂಗಡಿಯಲ್ಲೂ ಹೈಡ್ರೋಕೋಡೋನ್, ಆಕ್ಸಿಕೋಡೋನ್ ಇಡುವ ಕಬ್ಬಿಣದ ಬೀರು ಇದೆ. ರಾತ್ರಿ ಒಂಬತ್ತಕ್ಕೆ ಬೀಗ ಹಾಕಿ ಕಾರಿನವರೆಗೆ ನಲವತ್ತು ಹೆಜ್ಜೆ ಒಬ್ಬಳೇ ನಡೆಯುತ್ತೇನೆ. ಹನ್ನೊಂದು ವರ್ಷದಿಂದ ಆ ಹೆಜ್ಜೆಗಳನ್ನು ಎಣಿಸಿರಲಿಲ್ಲ. ನಿನ್ನೆ ಎಣಿಸಿದೆ.

ಊಟದ ಹೊತ್ತಿಗೆ ಇವರಿಗೆ ಹೇಳಿದೆ, ಒಂದು ಪಿಸ್ತೂಲು ತೆಗೆದುಕೊಳ್ಳೋಣ ಎಂದು. ಇವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಉತ್ತರ ಬರಲಿಲ್ಲ.

14 ಜನವರಿ, ಸಂಕ್ರಾಂತಿ

ಎಳ್ಳು ಬೀರಲು ಮೂರು ಮನೆಗೆ ಹೋಗಿ ಬಂದೆ. ಆಮೇಲೆ ತೀರ್ಥಹಳ್ಳಿಗೆ ಅಣ್ಣನಿಗೆ ಫೋನು. ವಿಷಯ ಹೇಳಿದ್ದೇ ಅವನು ಗಂಭೀರನಾದ. ನಮ್ಮ ಮನೆಯಲ್ಲಿ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಇರುವ ಒಂಟಿನಳಿಗೆಯದು, ಈಗಲೂ ಒಳಕೋಣೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು ಅಣ್ಣನ ಕೆಲಸ.

"ಯಾವುದು ತಗೊಳ್ತೀಯ ತಂಗೀ?"

"ಇಲ್ಲಿ ನೂರಾರು ಥರ ಇವೆ ಅಣ್ಣಾ. ಪತ್ರಿಕೆಗಳಲ್ಲಿ ಪರೀಕ್ಷೆ ಮಾಡಿ ಬರೆದಿರ್ತಾರೆ. ಓದಿ ನೋಡ್ತೀನಿ."

"ಅಪ್ಪಯ್ಯ ಯಾವ ಪುಸ್ತಕ ಓದಿದ್ದ? ಹೆಗಲಿಗಿಟ್ಟು ನೋಡಿದ, ಕೆನ್ನೆ ಕೂತಿತು, ತಂದ."

ನಾನು ಒಪ್ಪಲಿಲ್ಲ. ಔಷಧವನ್ನು ರುಚಿ ನೋಡಿ ಆರಿಸುವುದಿಲ್ಲ. ಪರೀಕ್ಷೆಯ ವರದಿ ಓದುತ್ತೇವೆ. ಇದೂ ಹಾಗೇ ಆಗಬೇಕು ಎನ್ನಿಸಿತು.

30 ಜನವರಿ, ಭಾನುವಾರ

ಟೆಕ್ಸಸ್‌ನಲ್ಲಿ ಹೋದ ಸೆಪ್ಟೆಂಬರ್ 1ರಿಂದ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆದರೂ ಪರವಾನಗಿಯಿಲ್ಲದೆ ಪಿಸ್ತೂಲು ಸೊಂಟಕ್ಕೆ ಕಟ್ಟಿಕೊಂಡು ತಿರುಗಬಹುದು. ಕಲಿಯಲೇಬೇಕೆಂಬ ಕಡ್ಡಾಯವಿಲ್ಲ. ನನಗೆ ಇದು ಸರಿಕಾಣುವುದಿಲ್ಲ. ಪರವಾನಗಿಯ ತರಗತಿಗೆ ಹೆಸರು ಬರೆಸಿದ್ದೇನೆ. ಕಲಿಸುವವರು ನಿವೃತ್ತ ಪೊಲೀಸ್ ಅಧಿಕಾರಿ, ಎಪ್ಪತ್ತರ ಹತ್ತಿರದ ಹೆಂಗಸು. ಓದುವ ಆಸೆ ಇದೆ ಎಂದಿದ್ದಕ್ಕೆ ಹಳೆಯ ಬಂದೂಕು ಪತ್ರಿಕೆಗಳ ಒಂದು ದೊಡ್ಡ ಕಟ್ಟನ್ನೇ ಕಾರಿಗೆ ಹಾಕಿಸಿದರು.

ರಾತ್ರಿ ಎರಡರವರೆಗೆ ಓದಿದೆ. ಅಂಕಿಗಳು ಬೇಕಾದಷ್ಟಿವೆ. 2018ರಲ್ಲಿ ಬಂದ ಸಿಗ್ ಪಿ365 ಸುಮಾರು ಅರ್ಧ ಕಿಲೋ ತೂಕದ್ದು. ನಳಿಗೆ 3.1 ಇಂಚು, ಅಷ್ಟು ಸಣ್ಣ ಹಿಡಿಯಲ್ಲಿ ಹತ್ತು ಗುಂಡು. ಅದಕ್ಕೂ ಮೊದಲು, 2015ರಲ್ಲಿ ಬಂದ ಗ್ಲಾಕ್ 43ರಲ್ಲಿ ಆರೇ ಗುಂಡು. ಅಷ್ಟೇ ಜಾಗದಲ್ಲಿ ಹತ್ತು ಹಿಡಿಸಿದ್ದೇ ದೊಡ್ಡ ಸಾಧನೆ ಎಂದು ಎಲ್ಲರೂ ಬರೆದಿದ್ದಾರೆ. ಇರಬಹುದು. ಮರಳಿನ ಚೀಲದ ಮೇಲೆ ಕೈ ಊರಿ 25 ಗಜದಿಂದ ಐದೈದು ಗುಂಡು ಹಾರಿಸಿ, ತೂತುಗಳು ಎಷ್ಟು ಇಂಚಿನೊಳಗೆ ಬಿದ್ದವೆಂದು ಕೋಷ್ಟಕ ಹಾಕುತ್ತಾರೆ. ನನ್ನ ಕೌಂಟರಿನಿಂದ ಬಾಗಿಲಿಗೆ ಎಂಟು ಹೆಜ್ಜೆ.

ಕೋಷ್ಟಕದ ಎದುರು ಪುಟದಲ್ಲಿ ಅದೇ ಪಿಸ್ತೂಲಿನ ಕಂಪನಿಯ ಬಣ್ಣದ ಜಾಹೀರಾತು. ಒಂದು ಸಂಚಿಕೆಯಲ್ಲಿ ಅಲ್ಲ, ಹಲವು ಸಂಚಿಕೆಗಳಲ್ಲಿ.

6 ಫೆಬ್ರವರಿ, ಭಾನುವಾರ

ಕಳೆದ ವಾರ ಓದಿದವುಗಳಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆದದ್ದು, ಮುಖಪುಟದಲ್ಲೇ ಬಂದದ್ದು, ಗುಂಡು ಹಾರಿಸುವ ರೇಂಜಿನಲ್ಲಿ ಬಾಡಿಗೆಗೆ ಸಿಕ್ಕಿತು. ಅದರ ಹೆಸರನ್ನು ಈ ಪುಟದಲ್ಲಿ ಬರೆಯುವುದಿಲ್ಲ. ತಪ್ಪು ಅದರದ್ದೋ ನನ್ನ ಮಣಿಕಟ್ಟಿನದ್ದೋ ಇನ್ನೂ ನಿರ್ಧಾರವಾಗಿಲ್ಲ.

ಮೊದಲು ಪಿಸ್ತೂಲಿನ ಮೇಲಿನ ಸ್ಲೈಡ್ (ಹಿಂದೆ ಮುಂದೆ ಜಾರುವ ಭಾಗ) ಎಳೆಯಲೇ ಆಗಲಿಲ್ಲ. ಪಿಸ್ತೂಲು ಸಣ್ಣದಾದಷ್ಟೂ ಎಳೆಯುವುದು ಸುಲಭ ಎಂದುಕೊಂಡಿದ್ದೆ. ಅಮ್ಮಾವ್ರು (ಕಲಿಸುವವರನ್ನು ಹಾಗೇ ಕರೆಯತೊಡಗಿದ್ದೇನೆ, ಅರ್ಥ ಕೇಳಿ ಖುಷಿಪಟ್ಟರು) ಬಿಡಿಸಿ ತೋರಿಸಿದರು. ಸ್ಲೈಡ್ ಹಗುರವಾದರೆ ಗುಂಡು ಹಾರಿದಾಗ ಬಹಳ ವೇಗದಲ್ಲಿ ಹಿಂದೆ ಬರುತ್ತದೆ. ಅದನ್ನು ತಡೆಯಲು ಗಟ್ಟಿ ಸ್ಪ್ರಿಂಗ್ ಬೇಕು. ಆ ಸ್ಪ್ರಿಂಗಿನ ವಿರುದ್ಧವೇ ನನ್ನ ಬೆರಳುಗಳು ಎಳೆಯಬೇಕು. ತೂಕ ಕಡಿಮೆಯಾದ್ದರಿಂದ ಒದೆತವೂ ಜಾಸ್ತಿ. ಸೊಂಟಕ್ಕೆ ಹಗುರಾದದ್ದು ಕೈಗೆ ಭಾರ.

ಐವತ್ತು ಗುಂಡಿನಲ್ಲಿ ಮೂರು ಸಲ ಸಿಕ್ಕಿಹಾಕಿಕೊಂಡಿತು. ಖಾಲಿ ತೋಟಾ ಹೊರಗೆ ಬೀಳದೆ ಬಾಯಲ್ಲೇ ನೆಟ್ಟಗೆ ನಿಂತಿತ್ತು. ಅಮ್ಮಾವ್ರು ಅದೇ ಪಿಸ್ತೂಲಿನಲ್ಲಿ ಇಪ್ಪತ್ತು ಹಾರಿಸಿದರು, ಒಂದೂ ಸಿಕ್ಕಲಿಲ್ಲ. ಮಣಿಕಟ್ಟು ಸಡಿಲವಾದರೆ ಪಿಸ್ತೂಲೂ ಸ್ಲೈಡ್ ಜೊತೆಗೇ ಹಿಂದಕ್ಕೆ ಬರುತ್ತದೆ, ಸ್ಲೈಡ್ ಪೂರ್ತಿ ಓಡುವುದಿಲ್ಲ ಎಂದರು. ಸರಿ. ಆದರೆ ಆ ವಿಮರ್ಶೆ ಬರೆದಾತ ಮೂವತ್ತು ವರ್ಷ ಬಂದೂಕು ಹಿಡಿದ ಗಂಡಸು. ಅವನ ಕೈಯಲ್ಲಿ ಕೆಲಸ ಮಾಡಿದ್ದು ಹೆದರಿ ಬೆವರಿದ ನನ್ನ ಕೈಯಲ್ಲಿ ಮಾಡುತ್ತದೆಯೇ ಎಂಬ ಪ್ರಶ್ನೆ ಆ ಆರು ಪುಟದಲ್ಲಿ ಎಲ್ಲೂ ಇಲ್ಲ. ಯಾವ ಔಷಧವನ್ನೂ ಬರೀ ಗಟ್ಟಿಮುಟ್ಟಾದ ಗಂಡಸರ ಮೇಲೆ ಪರೀಕ್ಷಿಸಿ ಅಜ್ಜಿಗೆ ಕೊಡಬಾರದೆಂದು ನಾವು ಕಲಿಯಲು ಎಷ್ಟು ಕಾಲ ಬೇಕಾಯಿತು.

13 ಫೆಬ್ರವರಿ, ಭಾನುವಾರ

ಇವತ್ತಿಡೀ ಒಂದೇ ಕಥೆಯ ಬೆನ್ನು ಹತ್ತಿದೆ. 2014ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿ ಆರ್51 ಎಂಬ ಸಣ್ಣ 9 ಎಂಎಂ ಪಿಸ್ತೂಲನ್ನು ಹೊರತಂದಿತು. ಜಾನ್ ಪೆಡರ್ಸನ್ ಎಂಬ ವಿನ್ಯಾಸಕಾರ ನೂರು ವರ್ಷದ ಹಿಂದೆ ಮಾಡಿದ್ದ ಮಾಡೆಲ್ 51ರ ಯಂತ್ರವನ್ನು ಹೊಸದಾಗಿ ಬಳಸಿದ್ದರು. ಒದೆತ ಕಡಿಮೆ, ಹಿಡಿ ತೆಳು, ಬೆಲೆ 420 ಡಾಲರ್. ಪತ್ರಿಕೆಯವರಿಗೆ ಮೊದಲೇ ಹಾರಿಸಲು ಕೊಟ್ಟಿದ್ದರು. ಅವರೆಲ್ಲ ಮೆಚ್ಚಿ ಬರೆದರು. ಕಟ್ಟಿನಲ್ಲಿರುವ ಎರಡು ಲೇಖನಗಳನ್ನು ಓದಿದರೆ ಈಗಲೂ ಎದ್ದು ಹೋಗಿ ಕೊಳ್ಳಬೇಕೆನಿಸುತ್ತದೆ.

ಅಂಗಡಿಯಲ್ಲಿ ಕೊಂಡವರ ಕೈಗೆ ಬಂದದ್ದು ಬೇರೆ. ಸಿಕ್ಕಿಹಾಕಿಕೊಳ್ಳುವುದು, ಸ್ಲೈಡ್ ಸರಿಯಾಗಿ ಮುಚ್ಚದಿರುವುದು, ದೂರಿನ ಮೇಲೆ ದೂರು. ಅದೇ ವರ್ಷ ಜುಲೈನಲ್ಲಿ ಕಂಪನಿ, ಮಾರಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಹೊಸದು ಕೊಡುತ್ತೇವೆ ಎಂದಿತು. ಹೊಸದು ಬಂದದ್ದು 2016ರಲ್ಲಿ. ಕಂಪನಿ ಹೇಳಿದ ಕಾರಣವನ್ನು ಎರಡು ಸಲ ಓದಿದೆ: ಮಾದರಿಯಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಗುವಾಗ ತೊಂದರೆಯಾಯಿತು.

ಅಂದರೆ ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ಅವರ ಕೈಗೆ ಬಂದದ್ದು ಚೆನ್ನಾಗಿಯೇ ಇತ್ತು. ಅದು ಬೇರೆ ಬ್ಯಾಚು, ಅಷ್ಟೇ.

ನನ್ನ ಕೆಲಸದಲ್ಲಿ ಈ ಮಾತಿಗೆ ಎಷ್ಟು ತೂಕವಿದೆ ಎಂದು ನನಗೇ ಗೊತ್ತು. 2018ರ ಜುಲೈನಲ್ಲಿ ರಕ್ತದೊತ್ತಡದ ವಲ್ಸಾರ್ಟನ್ ಮಾತ್ರೆಗಳಲ್ಲಿ ಕ್ಯಾನ್ಸರ್ ತರಬಲ್ಲ ಕಲ್ಮಶ ಸಿಕ್ಕಿತು. ಲಾಟ್ ನಂಬರುಗಳ ಪಟ್ಟಿ ಬಂತು. ನಾನೂ ನಮ್ಮ ಅಂಗಡಿಯ ಹುಡುಗಿಯೂ ಕೂತು, ಯಾರಿಗೆ ಯಾವ ಲಾಟಿನದು ಹೋಗಿದೆ ಎಂದು ನೋಡಿ ಒಬ್ಬೊಬ್ಬರಿಗೂ ಫೋನು ಮಾಡಿದೆವು. ಬಂದೂಕಿಗಾದರೆ ಹೀಗೆ ತಪ್ಪು ಹಿಡಿದು ಎಚ್ಚರಿಸುವ ಇಲಾಖೆಯೇ ಇಲ್ಲ! ಟೋಸ್ಟರು, ತೊಟ್ಟಿಲು, ಮಕ್ಕಳ ಆಟಿಕೆಗಳ ಸುರಕ್ಷತೆ ನೋಡುವ ಫೆಡರಲ್ ಆಯೋಗವು ಬಂದೂಕು, ತೋಟಾಗಳ ಗೋಜಿಗೆ ಹೋಗಕೂಡದೆಂದು ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸೇ 1970ರ ದಶಕದಲ್ಲಿ ಕಾನೂನು ಮಾಡಿಟ್ಟಿದೆ. ಕೆಟ್ಟ ಪಿಸ್ತೂಲನ್ನು ವಾಪಸು ಕರೆಸಿಕೋ ಎಂದು ಕಂಪನಿಗೆ ಆಜ್ಞೆ ಮಾಡುವವರು ಯಾರೂ ಇಲ್ಲ. ಕರೆದರೆ ಅವರಾಗಿ ಕರೆಯಬೇಕು.

ಹೀಗಿರುವಾಗ ಕೊಳ್ಳುವವರಿಗೆ ಉಳಿಯುವ ಕಾವಲು ಪತ್ರಿಕೆಯದೇ. ಅದಕ್ಕೇ ನನಗೆ ಇಷ್ಟು ಸಿಟ್ಟು. ಮಾಡಬಹುದಾದ ಕೆಲಸ ಅದು. ಗನ್ ಟೆಸ್ಟ್ಸ್ ಎಂಬ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳುವುದಿಲ್ಲ, ಸರಿಯಿಲ್ಲದ್ದನ್ನು ಕೊಳ್ಳಬೇಡಿ ಎಂದು ನೇರವಾಗಿ ಬರೆಯುತ್ತದೆ. ಅದರ ಸಂಚಿಕೆಗಳು ತೆಳ್ಳಗಿವೆ.

ಅಮ್ಮಾವ್ರು ಇನ್ನೊಂದು ವಿಷಯ ಹೇಳಿದ್ದರು. 2013ರ ಡಿಸೆಂಬರ್ ಸಂಚಿಕೆಯಲ್ಲಿ ಗನ್ಸ್ ಅಂಡ್ ಅಮೋ ಪತ್ರಿಕೆಯ ಹಿರಿಯ ಅಂಕಣಕಾರ ಡಿಕ್ ಮೆಟ್‌ಕಾಫ್, ಬಂದೂಕಿನ ಹಕ್ಕಿಗೂ ಮಿತಿ ಇರುವುದು ತಪ್ಪಲ್ಲ ಎಂದು ಒಂದು ಪುಟ ಬರೆದರು. ಓದುಗರು ಕೆರಳಿದರು. ಮೆಟ್‌ಕಾಫ್ ಕೆಲಸ ಹೋಯಿತು, ಸಂಪಾದಕರು ಕ್ಷಮೆ ಕೇಳಿ ಹುದ್ದೆ ಬಿಟ್ಟರು. ಕಾನೂನಿನ ಬಗ್ಗೆ ಬರೆದವನ ಗತಿಯೇ ಹೀಗಾದರೆ, ಜಾಹೀರಾತು ಕೊಡುವವನ ಪಿಸ್ತೂಲು ಸರಿಯಿಲ್ಲ ಎಂದು ಬರೆಯಲು ಎಷ್ಟು ಧೈರ್ಯ ಬೇಕು?

20 ಫೆಬ್ರವರಿ

ಇವರು ಕೊನೆಗೂ ಬಾಯಿಬಿಟ್ಟರು. ಮಗಳು ಬೇಸಿಗೆ ರಜೆಗೆ ಬರುತ್ತಾಳೆ, ಹೋದ ವರ್ಷ ಅವಳು ಹೇಗಿದ್ದಳು ನಿನಗೆ ನೆನಪಿದೆಯಲ್ಲ ಎಂದರು. ನೆನಪಿದೆ. ಮೂರು ತಿಂಗಳು ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವೇ ಗುಂಡು ಹಾರಿಸಿಕೊಂಡವರು. ಖಿನ್ನತೆಯ ಮಾತ್ರೆ ಎಣಿಸಿ ಕೊಡುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಒಂದೂವರೆ ತಿಂಗಳಿಂದ ತೂಕ, ಇಂಚು, ಸ್ಪ್ರಿಂಗ್ ಓದುತ್ತಾ ಇದನ್ನು ಒಮ್ಮೆಯೂ ಯೋಚಿಸಲಿಲ್ಲ. ಆ ಪತ್ರಿಕೆಗಳಲ್ಲಿ ಪಿಸ್ತೂಲು ಯಾವಾಗಲೂ ಸೊಂಟದಲ್ಲಿರುತ್ತದೆ, ಇಲ್ಲವೇ ಕೈಯಲ್ಲಿ. ಮನೆಯಲ್ಲಿ ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಯಾರೂ ಬರೆಯುವುದಿಲ್ಲ.

ನಿರ್ಧಾರವಾಯಿತು. ಮನೆಗೆ ತರುವುದಿಲ್ಲ. ಅಂಗಡಿಯ ಕಬ್ಬಿಣದ ಬೀರುವಿನಲ್ಲೇ, ಬೇರೆ ಬೀಗದ ಖಾನೆಯಲ್ಲಿ. ಕಾರಿನವರೆಗಿನ ನಲವತ್ತು ಹೆಜ್ಜೆಗೆ ಇವರು ದಿನಾ ಒಂಬತ್ತಕ್ಕೆ ಬಂದು ನಿಲ್ಲುತ್ತಾರಂತೆ. ಹಾಗಾದರೆ ಪಿಸ್ತೂಲು ಯಾಕೆ ಎಂದು ಅವರು ಕೇಳಲಿಲ್ಲ. ಕೌಂಟರಿನ ಹಿಂದೆ ಹನ್ನೆರಡು ಗಂಟೆ ನಿಲ್ಲುವವಳು ನಾನೆಂದು ಅವರಿಗೆ ಗೊತ್ತು.

6 ಮಾರ್ಚ್, ಭಾನುವಾರ

ಪರವಾನಗಿ ಪರೀಕ್ಷೆ ಮುಗಿಯಿತು. 50 ಗುಂಡು: 3 ಗಜದಿಂದ ಇಪ್ಪತ್ತು, 7ರಿಂದ ಇಪ್ಪತ್ತು, 15ರಿಂದ ಹತ್ತು. 250ಕ್ಕೆ 175 ಬಂದರೆ ಪಾಸು. ನನಗೆ 221. ಹಾರಿಸಿದ್ದು ಅಮ್ಮಾವ್ರ ಗ್ಲಾಕ್ 19ರಲ್ಲಿ. 1988ರಿಂದ ಇರುವ, ಯಾವ ಮುಖಪುಟಕ್ಕೂ ಈಗ ಬೇಡವಾದ ಹಳೆಯ ಮಾದರಿ. ದಪ್ಪ, ಭಾರ, ಸೀರೆಯೊಳಗಿರಲಿ, ನನ್ನ ಬಿಳಿ ಕೋಟಿನೊಳಗೂ ಅಡಗುವುದಿಲ್ಲ. ಆದರೆ ಒಂದು ಸಲವೂ ಸಿಕ್ಕಲಿಲ್ಲ.

ಮನೆಗೆ ಬರುವಾಗ ಒಂದು ಲೆಕ್ಕ ತಲೆಗೆ ಬಂತು. ಔಷಧ ಪರೀಕ್ಷೆಯಲ್ಲಿ ಮೂರರ ನಿಯಮವೆಂದು ಕಲಿತಿದ್ದೆವು. ಎಷ್ಟು ಸಲ ನೋಡಿದರೂ ಕೆಟ್ಟದ್ದು ಒಂದೂ ಆಗದಿದ್ದರೆ, ಅದರ ನಿಜವಾದ ಸಾಧ್ಯತೆ, ನೂರಕ್ಕೆ ತೊಂಬತ್ತೈದು ಪಾಲು ಖಾತ್ರಿಯಿಂದ, ಮೂರನ್ನು ನೋಡಿದ ಸಲಗಳ ಸಂಖ್ಯೆಯಿಂದ ಭಾಗಿಸಿದಷ್ಟರೊಳಗೆ ಇರುತ್ತದೆ. 200 ಗುಂಡು ಒಮ್ಮೆಯೂ ತಪ್ಪದೆ ಹಾರಿದರೂ ನೂರಕ್ಕೆ ಒಂದೂವರೆ ಸಲ ಕೈಕೊಡುವ ಪಿಸ್ತೂಲು ಅದಾಗಿರಬಹುದು. 500 ಹಾರಿದರೆ ನೂರಕ್ಕೆ 0.6. ಅದೂ ಆ ಒಂದು ಪಿಸ್ತೂಲಿಗೆ, ಆ ಒಂದು ಕೈಗೆ, ಆ ಒಂದು ಬಗೆಯ ತೋಟಾಕ್ಕೆ ಮಾತ್ರ. ಕಂಪನಿ ಕಳಿಸಿದ ಒಂದೇ ಪಿಸ್ತೂಲಿನಲ್ಲಿ ಇನ್ನೂರು ಗುಂಡು ಹಾರಿಸಿ ಇದನ್ನು ಪ್ರಾಣಕ್ಕೆ ನಂಬಬಹುದು ಎಂದು ಬರೆಯುವುದು ಒಬ್ಬನೇ ರೋಗಿಗೆ ಮಾತ್ರೆ ಕೊಟ್ಟು ಊರಿಗೆಲ್ಲ ಶಿಫಾರಸು ಮಾಡಿದ ಹಾಗೆ.

13 ಮಾರ್ಚ್

ಗ್ಲಾಕ್ 43ಎಕ್ಸ್ ತೆಗೆದುಕೊಂಡೆ. ಹಿಡಿ 19ರಷ್ಟೇ ಉದ್ದ, ಕಿರುಬೆರಳಿಗೂ ಜಾಗ ಸಿಗುತ್ತದೆ. ಅಗಲ ಕಡಿಮೆ. ಹತ್ತು ಗುಂಡು, ಸುಮಾರು 530 ಗ್ರಾಂ. ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಇಝಡ್ ಕೂಡ ಹಾರಿಸಿ ನೋಡಿದ್ದೆ. ಅದರ ಸ್ಲೈಡ್ ಎಳೆಯುವುದು ಬೆಣ್ಣೆಯಷ್ಟು ಸಲೀಸು, ನನ್ನ ಅಮ್ಮನೂ ಎಳೆದಾಳು. ಆದರೆ ಅದರ ಹಿಡಿಯ ಹಿಂದಿನ ಸುರಕ್ಷಾ ಪಟ್ಟಿ ನನ್ನ ಅಂಗೈಗೆ ಪ್ರತಿಸಲ ಪೂರ್ತಿ ಒತ್ತುತ್ತಿರಲಿಲ್ಲ. ಇದಕ್ಕಿಂತ ಅದು ಕೆಟ್ಟದ್ದೆಂದಲ್ಲ.

ಬಂದೂಕು ಖರೀದಿಯ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆಗೆ ಹತ್ತು ನಿಮಿಷ ಕಾದೆ. ಅಂಗಡಿಯವನು ಯಾವ ವಿಮರ್ಶೆ ಓದಿ ಬಂದಿರಿ ಎಂದು ಕೇಳಿದ. ಕೆನ್ನೆ ಕೂತಿತು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಆಗಲಿಲ್ಲ.

2 ಏಪ್ರಿಲ್, ಯುಗಾದಿ

ಬೆಳಿಗ್ಗೆ ಬೇವು ಬೆಲ್ಲ. ಅಣ್ಣನಿಗೆ ಫೋನು ಮಾಡಿ ನಮಸ್ಕಾರ ಹೇಳಿದೆ. "ತಂದ್ಯಾ?" ಎಂದ. "ತಂದೆ. ಇನ್ನೂ ಕಟ್ಟಿಕೊಂಡಿಲ್ಲ" ಎಂದೆ. "ಅವಸರ ಬೇಡ" ಎಂದ.

ಮಧ್ಯಾಹ್ನ ರೇಂಜಿಗೆ. ಕೊರೊನಾ ಬಂದಾಗಿನಿಂದ ತೋಟಾ ದುಬಾರಿ, ಆದರೂ ವಾರಕ್ಕೊಂದು ಡಬ್ಬಿ ತಪ್ಪಿಸಿಲ್ಲ. ಮಾತ್ರೆಯ ಸ್ಟಾಕ್ ಬರೆಯುವಂಥದೇ ಪುಸ್ತಕದಲ್ಲಿ ಗೆರೆ ಎಳೆದಿದ್ದೇನೆ: ತಾರೀಕು, ತೋಟಾದ ಲಾಟ್ ನಂಬರು, ಎಷ್ಟು ಹಾರಿತು, ಎಷ್ಟು ಸಿಕ್ಕಿತು, ಬಲಗೈಯೋ ಎಡಗೈಯೋ. ಇಲ್ಲಿಯವರೆಗೆ 150. ಸಿಕ್ಕಿಹಾಕಿಕೊಂಡದ್ದು ಒಂದೂ ಇಲ್ಲ. ಕೊನೆಯ ಗುಂಡಾದ ಮೇಲೆ ಸ್ಲೈಡ್ ತೆರೆದು ನಿಲ್ಲದೆ ಮುಚ್ಚಿಕೊಂಡದ್ದು ನಾಲ್ಕು ಸಲ. ನನ್ನ ಹೆಬ್ಬೆರಳು ತಡೆಗೀಲಿನ ಮೇಲೆ ಕೂರುತ್ತಿತ್ತು ಎಂದು ಅಮ್ಮಾವ್ರು ತೋರಿಸಿದರು. ಹೆಬ್ಬೆರಳನ್ನು ಅರ್ಧ ಇಂಚು ಕೆಳಗಿಟ್ಟ ಮೇಲೆ ಹಾಗಾಗಲಿಲ್ಲ. ಅದನ್ನೂ ಷರಾ ಕಾಲಮ್ಮಿನಲ್ಲಿ ಬರೆದಿದ್ದೇನೆ.

ಮುಂದಿನ ಭಾನುವಾರದಿಂದ ಬೇರೆ ತೋಟಾ, ನಿಜವಾಗಿ ತುಂಬಿಡುವಂಥದು. ಅದಕ್ಕೆ ಎಣಿಕೆ ಮತ್ತೆ ಒಂದರಿಂದ.