ಹೊಸ ಮಡಿ

ಪಥ್ಯವೆಂಬ ಮಾತು ಕನ್ನಡಿಗರ ಮನೆಗೆ ಹೊಸದಲ್ಲ. ಜ್ವರ ಬಿಟ್ಟವನಿಗೆ ಗಂಜಿ, ಬಾಣಂತಿಗೆ ಮೆಣಸಿನ ಸಾರು, ಔಷಧ ಸೇವಿಸುವವನಿಗೆ ಹುಳಿ ವರ್ಜ್ಯ. ಆದರೆ ಇವೆಲ್ಲವೂ ವಾರದ, ತಿಂಗಳ ಕಟ್ಟಳೆಗಳು. ಬಾಳಿರುವಷ್ಟು ಕಾಲವೂ ಒಂದು ಧಾನ್ಯದ ಕಣವನ್ನೂ ಸೋಕಿಸಬಾರದೆಂಬ ಪಥ್ಯ ಬಂದರೆ ಅಡಿಗೆಮನೆಯ ರಾಜ್ಯಭಾರವೇ ಬದಲಾಗಬೇಕಾಗುತ್ತದೆ.

ಮೈಸೂರಿನ ಒಂದು ಸಂಸಾರಕ್ಕೆ ಅಂಥ ಪಥ್ಯ ಬಂದುದು ಒಂಬತ್ತು ವರ್ಷದ ಹುಡುಗಿಯ ಮೂಲಕ. ಓರಗೆಯವರಂತೆ ಅವಳು ಬೆಳೆಯಲಿಲ್ಲ, ಎಷ್ಟು ಟಾನಿಕ್ಕು ಕುಡಿಸಿದರೂ ರಕ್ತಹೀನತೆ ನೀಗಲಿಲ್ಲ, ಹೊಟ್ಟೆಯುಬ್ಬರ ತಪ್ಪಲಿಲ್ಲ. ರಕ್ತವನ್ನೂ ಸಣ್ಣ ಕರುಳಿನ ಒಂದು ಚೂರನ್ನೂ ಪರೀಕ್ಷಿಸಿದ ವೈದ್ಯರು ಸೀಲಿಯಾಕ್ ಕಾಯಿಲೆಯೆಂದು ಹೇಳಿದರು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕೆಲವರ ದೇಹಕ್ಕೆ ಶತ್ರುವಾಗಿ ತೋರುತ್ತದೆ. ಅದರೊಡನೆ ಹೂಡಿದ ಯುದ್ಧದಲ್ಲಿ ದೇಹವು ತನ್ನ ಕರುಳಿನ ಒಳಪದರವನ್ನೇ ಸವೆಸಿಕೊಳ್ಳುತ್ತದೆ. ಉಂಡುದು ಮೈಗೆ ಹತ್ತುವುದಿಲ್ಲ. ಇದಕ್ಕೆ ಪಥ್ಯವೇ ಮದ್ದು. ಆದರೆ ಸಂಶಯ ಬಂದೊಡನೆ ಗೋಧಿಯನ್ನು ಬಿಟ್ಟು ಪರೀಕ್ಷೆಗೆ ಹೋದರೆ ರೋಗವು ಕಣ್ತಪ್ಪಿಸಿಕೊಳ್ಳಬಹುದು. ಆದುದರಿಂದ ಪರೀಕ್ಷೆ ಮೊದಲು, ಪಥ್ಯ ಆಮೇಲೆ.

ಗೋಧಿಯ ಈ ಅಪರಾಧವನ್ನು ಹೊರಗೆಡವಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರಿಗೆ ಮೊದಲೇ ಅನುಮಾನವಿತ್ತು. ಯುದ್ಧಕಾಲದ 1944-45ರ ಕ್ಷಾಮದಲ್ಲಿ ರೊಟ್ಟಿ ದುರ್ಲಭವಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡುದು ಆ ಅನುಮಾನಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವರ ಪ್ರಬಂಧ ಹೊರಬಂದಿತು. ಅದೇ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವವಾಗಿ ರವೆ ಇಡ್ಲಿ ಹುಟ್ಟಿತೆಂದು ಹೇಳುತ್ತಾರೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಉಳಿದರು. ಇಲ್ಲಿ ಗೋಧಿ ಬಂದು ಇಡ್ಲಿ ಉಳಿಯಿತು!

ಅಕ್ಕಿ, ರಾಗಿ, ಜೋಳ, ನವಣೆಗಳ ನಾಡಿನಲ್ಲಿ ಹಸಿವಿನ ಭಯವಿಲ್ಲ. ಚಪಾತಿಯ ಸ್ಥಾನಕ್ಕೆ ಅಕ್ಕಿರೊಟ್ಟಿ ಬಂದಿತು, ಉಪ್ಪಿಟ್ಟಿಗೆ ಅಕ್ಕಿತರಿ ಒದಗಿತು. ಕಾಣುವ ಗೋಧಿಯನ್ನು ಬಿಡುವುದು ಸುಲಭ. ಕಾಣದ ಗೋಧಿಯದೇ ಕಷ್ಟ. ಅಂಗಡಿಯ ಹಿಂಗಿಗೆ ಅನೇಕ ವೇಳೆ ಗೋಧಿಹಿಟ್ಟನ್ನು ಬೆರೆಸಿರುತ್ತಾರೆ. ಒಂದು ಚಿಟಿಕೆ ಒಗ್ಗರಣೆಯಿಂದ ಸಾರೆಲ್ಲ ಕೆಟ್ಟಿತು. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನು ಬೀಸಿಸಿದರೆ ರಾಗಿಯೂ ದೋಷಿಯೇ. ಕಿಲೋಗ್ರಾಮಿಗೆ 20 ಮಿಲಿಗ್ರಾಮನ್ನು ಮೀರದಿದ್ದರೆ ಮಾತ್ರ ಒಂದು ಪದಾರ್ಥವನ್ನು ಗ್ಲುಟೆನ್‌ರಹಿತವೆಂದು ಮಾರಬಹುದೆಂಬುದು ನಮ್ಮ ದೇಶದ ಕಾನೂನು. ಅಷ್ಟು ಸೂಕ್ಷ್ಮದ ಲೆಕ್ಕ!

ಈ ಸೂಕ್ಷ್ಮವನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರಿತವರು ಅಜ್ಜಿ. ಮಡಿ, ಮುಸುರೆ, ಎಂಜಲುಗಳ ಅವರ ಕಟ್ಟುಪಾಡನ್ನು ಕಂಡು ವಿದ್ಯಾವಂತೆಯಾದ ಸೊಸೆ ಎಷ್ಟೋ ಸಲ ನಕ್ಕಿದ್ದಳು. ಈಗ ಮೊಮ್ಮಗಳಿಗೆಂದು ಬೇರೆ ಕಾವಲಿ, ಬೇರೆ ಲಟ್ಟಣಿಗೆ, ಬೇರೆ ಸೌಟನ್ನು ಎತ್ತಿಟ್ಟವರು ಅವರೇ. “ಚಪಾತಿ ಮುಟ್ಟಿದ ಕೈ ಆ ಪಲ್ಯಕ್ಕೆ ಬೇಡ ಕಣಮ್ಮ” ಎಂಬ ಅವರ ಎಚ್ಚರಿಕೆಗೆ ಸೊಸೆ ಮರುಮಾತಿಲ್ಲದೆ ಕೈ ತೊಳೆದು ಬರುವಳು. ಹಳೆಯ ಮಡಿ ಮನುಷ್ಯರನ್ನು ದೂರವಿಟ್ಟಿತ್ತು. ಈ ಮಡಿ ದೂರವಿಡುವುದು ಒಂದು ಕಾಳನ್ನು ಮಾತ್ರ. ವ್ಯತ್ಯಾಸವನ್ನು ಅಜ್ಜಿಯೂ ಬಲ್ಲರು.

ಅಡಿಗೆಮನೆಯನ್ನು ಗೆಲ್ಲಬಹುದು, ದಾಕ್ಷಿಣ್ಯವನ್ನು ಗೆಲ್ಲುವುದು ದುಸ್ತರ. ನೆರೆಮನೆಯ ಸತ್ಯನಾರಾಯಣ ಪೂಜೆಯಲ್ಲಿ ಗೋಧಿರವೆಯ ಸಜ್ಜಿಗೆಯನ್ನು ನೀಡಿದಾಗ ಹುಡುಗಿ ಕೈಯನ್ನು ಹಿಂದಕ್ಕೆಳೆದುಕೊಂಡಳು. “ದೇವರ ಪ್ರಸಾದ, ಒಂದು ಚೂರಿಗೆ ಏನಾದೀತು?” ಎಂದು ಗೃಹಿಣಿ ನೊಂದುಕೊಂಡರು. ನೆರೆದವರೆಲ್ಲರ ಕಣ್ಣೂ ಮಗುವಿನ ಮೇಲೆ. ಪ್ರಸಾದವನ್ನು ಎಂದೂ ನಿರಾಕರಿಸದ ಅಜ್ಜಿ ಮೆಲ್ಲನೆ ಹೇಳಿದರು: “ಬಾಳೆಹಣ್ಣು ಕೊಡಿ ತಾಯಿ. ಅದರಲ್ಲೂ ಸ್ವಾಮಿ ಇದ್ದಾನೆ.” ಮಗು ಹಣ್ಣನ್ನು ಕಣ್ಣಿಗೊತ್ತಿಕೊಂಡು ತಿಂದಿತು.

ದೀಪಾವಳಿಗೆ ಹೊಲಿಸಿದ ಲಂಗವನ್ನು ಯುಗಾದಿಯ ದಿನ ಉಡಿಸಹೋದಾಗ ಅದು ಹುಡುಗಿಯ ಹರಡಿನಿಂದ ನಾಲ್ಕು ಬೆರಳು ಮೇಲಕ್ಕೆ ನಿಂತಿತು. ಬಟ್ಟೆ ಗಿಡ್ಡವಾಯಿತೆಂದು ಯಾವ ತಾಯಿಯೂ ಅಷ್ಟು ಸಂತೋಷಪಟ್ಟಿರಲಾರಳು.